ದುಭಾಷಿಯ ರಸೀದಿ

ದಿನವಿಡೀ 'ನಾನು' 'ನಾನು' ಅನ್ನುತ್ತಿದ್ದೆ,
ಒಮ್ಮೆಯೂ ನಾನಾಗಿರದೆ.
ನಿಮ್ಮವರು ಕೆಮ್ಮಿದರೆ ಜರ್ಮನ್ನಿನಲ್ಲಿ ಕೆಮ್ಮುತ್ತೀರಾ ಎಂದು
ಟೀಡ್ಕೆ ಒಮ್ಮೆ ತಮಾಷೆ ಮಾಡಿದ್ದ.
ಟೀಡ್ಕೆ, ಅವರ ಕಡೆಯ ದುಭಾಷಿ,
ಕೋನಿಗ್ಸ್‌ಬರ್ಗಿನವನು, ಗಾಳಿಗೆ ಹೆದರಿ
ಒಂದು ಕಿವಿಗೆ ಹತ್ತಿ ತುರುಕಿಕೊಂಡವನು.

ಚಳಿಗಾಲದಲ್ಲಿ ಅವರು ಕೇಳಿದ್ದು ಒಂದು ದಾರಿ,
ನಮ್ಮ ನೆಲ ಹಾದು
ಅವರ ನೆಲದಿಂದ ಅವರ ನೆಲಕ್ಕೆ.
'ದಾರಿ ಕೊಡಿ' ಅಂದೆ.
'ದಾರಿ ಬಿಡಿ' ಎಂದು ಕೇಳಿಸಿತು ನಮ್ಮವರಿಗೆ.
ನಕ್ಷೆಯ ಮೇಲೆ ಪೆನ್ಸಿಲ್ ಗೆರೆ
ಹೊಯ್ನಿತ್ಸೆಯ ಬಳಿ ಸ್ವಲ್ಪ ಬಾಗಿ
ನನ್ನ ಸೋದರತ್ತೆ ಸಲೋಮೆಯಾಳ
ಪ್ಲಮ್ ಗಿಡಗಳ ನಡುವೆಯೇ ಹೋಯಿತು.
ಅವಳಿಗೆ ಹೇಳಲಿಲ್ಲ.
ಟೀಡ್ಕೆಗೆ ಹೇಳಿದೆ, ಯಾಕೋ.

ಆ ಕೋಣೆಯಲ್ಲಿ ಬೆದರಿಕೆಯೂ ಬಹುವಚನದಲ್ಲೇ:
ತಾವು ದಯವಿಟ್ಟು ಯೋಚಿಸಬೇಕು,
ತಾವು ತಡಮಾಡಿದರೆ ನಮಗೆ ವಿಷಾದವಾದೀತು.
ವಿಷಾದವೆಂದರೆ ಎಷ್ಟು ಟ್ಯಾಂಕು
ಯಾವ ನಿಘಂಟಿನಲ್ಲೂ ಇಲ್ಲ.
ಬೆರಳು ತೋರಿಸಿದರೆ ಹಸ್ತ ನುಂಗುವ ಜನ ಎಂದು
ನಮ್ಮವರು ಗೊಣಗಿದರು.
ನಾನದನ್ನು ಅನುವಾದಿಸಲಿಲ್ಲ.
ಟೀಡ್ಕೆಗೆ ತಿಳಿದಿತ್ತು, ಅವನೂ ಬಾಯಿಬಿಡಲಿಲ್ಲ.
ಏಪ್ರಿಲ್‌ನಲ್ಲಿ ಹಳೆಯ ಒಪ್ಪಂದ ಹರಿದು ಎಸೆದರು.
ಎರಡು ದೇಶಗಳ ನಡುವೆ ಉಳಿದದ್ದು
ನಮ್ಮಿಬ್ಬರ ಇದೊಂದೇ.

ಆಗಸ್ಟಿನ ಕೊನೆ. ಬರ್ಲಿನ್ನಿನಲ್ಲಿ ಸೆಕೆ.
ಚಳಿಗೆ ಮುಂಚೆ ಹೊಲಿಸಿಬಿಡೋಣವೆಂದು
ಅಸ್ತರು ಕಿತ್ತ ಕೋಟನ್ನು ಕೊಟ್ಟು ಬಂದಿದ್ದೆ.
ದರ್ಜಿ ರಸೀದಿ ಬರೆದ: ಶನಿವಾರಕ್ಕೆ ಸಿದ್ಧ.

ಗುರುವಾರ ಸಂಜೆ ಕೊನೆಯ ಭೇಟಿ.
ಯಾರೂ ಕುರ್ಚಿ ಎಳೆಯಲಿಲ್ಲ.
'ಸಹಿ ಮಾಡುವ ಅಧಿಕಾರ ತಂದಿದ್ದೀರಾ?'
'ಇಲ್ಲ.'
ಇಲ್ಲ ಅನ್ನುವುದಕ್ಕೆ ದುಭಾಷಿ ಬೇಕೇ?
ಆದರೂ ಹೇಳಿದೆ, ಸಂಬಳದವನು.
ಗೋಡೆಯ ಗಡಿಯಾರಕ್ಕೆ ಮಾತ್ರ
ಇನ್ನೂ ಏನೋ ಕೇಳುವುದಿತ್ತು.

ಮೆಟ್ಟಿಲವರೆಗೆ ಬಂದ ಟೀಡ್ಕೆ.
ಕಿವಿಯ ಹತ್ತಿ ತೆಗೆದು ಬೆರಳಲ್ಲಿ ಹೊಸೆಯುತ್ತ
ಪೋಲಿಷಿನಲ್ಲಿ, ವಿಭಕ್ತಿ ತಪ್ಪಿಸಿ,
ಮೊದಲ ಬಾರಿಗೆ ಏಕವಚನದಲ್ಲಿ ಅಂದ:
'ನಿಮ್ಮತ್ತೆಗೆ ಹೇಳು,
ಹಣ್ಣು ಬೇಗ ಕೊಯ್ದುಕೊಳ್ಳಲಿ.
ಇಂದೇ.'

ಹೇಳಲು ಓಡಿದೆ. ಫೋನು ಸತ್ತಿತ್ತು.
ರಿಸೀವರಿನೊಳಗೆ ಯಾವ ಭಾಷೆಯೂ ಅಲ್ಲದ
ಒಂದು ಉದ್ದನೆಯ ಗುಂಯ್.
ಬಹಳ ಹೊತ್ತು ಕೇಳುತ್ತ ನಿಂತೆ,
ಅಭ್ಯಾಸಬಲ.

ಶುಕ್ರವಾರ ಬೆಳಕು ಹರಿಯುವ ಮುಂಚೆಯೇ
ದಾರಿಯನ್ನು ಅವರೇ ಮಾಡಿಕೊಂಡರು.

ರಸೀದಿ ಈಗಲೂ ನನ್ನ ಬಳಿ ಇದೆ.
ನಂಬರು ನಾನೂರ ಹದಿನೇಳು.
ಬಾಕಿ ಎರಡು ಮಾರ್ಕು.