ಕೊನೆಯ ಸಾಲು ಬಾಕಿ

ಹೊದಿಕೆ ಹೊಲಿಯುವ ನೆವದಲ್ಲಿ ಸೇರಿದ್ದೆವು,
ಒಂಬತ್ತು ಜನ ಹೆಂಗಸರು, ಒಂದು ಲಾಟೀನು.
ಯಾರಾದರೂ ಕೇಳಿದರೆ:
ಓಣಿಯ ಕಾವಲುಗಾರನ ಮಗಳ ಮದುವೆಗೆ.
ಸುಳ್ಳೇನಲ್ಲ. ಹತ್ತಿ ಅವನ ಮನೆಯದೇ.

ನಾನು ಓತಿನ್. ಮರ್ಗಿಲಾನಿನ ಸಾವಿನ ಮನೆಗಳಲ್ಲಿ
ಹದಿನೆಂಟು ವರ್ಷ ಹೆಂಗಸರ ನಡುವೆ ಕೂತು
ಮರ್ಸಿಯಾ ಓದಿದವಳು, ಅಳಿಸಿದವಳು.
ಯಾರಿಗೆ ಎಷ್ಟು ಸಾಲು, ಎಲ್ಲಿ ಉಸಿರು,
ಎಲ್ಲಿ ಎದೆ ಬಡಿದುಕೊಳ್ಳಲು ಬಿಡುವು,
ಎಲ್ಲ ಬಾಯಿಪಾಠ.
ಆ ರಾತ್ರಿ ಮಾತ್ರ ಹೆಣವಿರಲಿಲ್ಲ.

ಮೂರು ಹತ್ತಿ ಕೊಯ್ಲಿನ ಹಿಂದೆ
ಬುರ್ಹಾನ್ ದಾಮ್ಲಾ ಕತ್ತಲಲ್ಲಿ ಟೊಪ್ಪಿ ತಡಕುತ್ತಿದ್ದರಂತೆ.
ಬಂದವರು, ಇರಲಿ ಬಿಡಿ, ಬೆಳಗಾಗುವುದರೊಳಗೆ
ವಾಪಸು ಬರುತ್ತೀರಿ, ಅಂದರಂತೆ.
ಟೊಪ್ಪಿ ಗೂಟದಲ್ಲೇ ಇತ್ತು. ಈಗಲೂ ಇದೆ.
ಕಚೇರಿಯ ಕಿಟಕಿಯಿಂದ ಮಸ್ತೂರಾಗೆ ಬಂದ ಚೀಟಿ:
ಹತ್ತು ವರ್ಷ, ಪತ್ರವಿಲ್ಲದೆ.
ಅವಳದನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು.

ಜೀಮ್ ಅನ್ನಬೇಡಿ ಮಕ್ಕಳೇ, ಅನ್ನುತ್ತಿದ್ದರು,
ಅದು ಅಕ್ಷರದ ಹೆಸರು, ಅಕ್ಷರವಲ್ಲ.
ನೊಣ ಗಾಜಿಗೆ ಬಡಿದರೆ ಏನನ್ನುತ್ತದೆ?
ಜ್ ಜ್ ಜ್, ಅನ್ನುತ್ತಿದ್ದೆವು
ಹನ್ನೊಂದು ಹುಡುಗಿಯರು, ಹಿತ್ತಲ ಕೋಣೆಯಲ್ಲಿ.
ಕಾಲು ಇಳಿಬಿಟ್ಟು ಕೂರುವುದು ಕಾಫಿರರ ಚಾಳಿಯೆಂದು
ಓಣಿಯ ಹಿರಿಯರು ನಮ್ಮ ಬೆಂಚು ಸುಟ್ಟರು.
ದಾಮ್ಲಾ ಬೂದಿ ಕೆದಕಿ ಮೊಳೆ ಹೆಕ್ಕಿದರು,
ಅದೇ ಮೊಳೆ ಬಡಿದು ಹೊಸ ಬೆಂಚು.
ಆಮೇಲೆ ಬಂದವರು, ಹಳೆಯ ಲಿಪಿಯೆಂದು
ಪುಸ್ತಕ ಸುಟ್ಟರು.
ಆ ಬೂದಿಯಲ್ಲಿ ಹೆಕ್ಕಲು ಏನೂ ಇರಲಿಲ್ಲ.

ಮರ್ಸಿಯಾಕ್ಕೊಂದು ಕಟ್ಟಳೆಯಿದೆ.
ಪ್ರತಿ ಅಕ್ಷರಕ್ಕೂ ಒಂದು ಅಂಕಿ.
ಕೊನೆಯ ಸಾಲನ್ನು ಕೂಡಿಸಿದರೆ
ಸತ್ತ ವರ್ಷ ಬರಬೇಕು.
ದಾಮ್ಲಾಗೆ ಈ ಆಟ ಸೇರುತ್ತಿರಲಿಲ್ಲ:
ಸತ್ತವರ ವರ್ಷ ಎಣಿಸುವ ಜಾಣರು ಊರತುಂಬ ಇದ್ದಾರೆ,
ಸಂತೆಯಲ್ಲಿ ತಕ್ಕಡಿಯ ಮೋಸ ಎಣಿಸುವವಳಾಗು.

ಆದರೂ ಬರೆದೆ. ಹದಿಮೂರು ಸಾಲು ಸಲೀಸಾಗಿ ಬಂತು.
ಹದಿನಾಲ್ಕನೆಯದಕ್ಕೆ ಯಾವ ವರ್ಷ?
ಸುಮ್ಮನೆ ಮಕ್ತಬ್ ಎಂದು ಬರೆದು ಕೂಡಿಸಿದೆ:
ಮೀಮ್ ನಲವತ್ತು, ಕಾಫ್ ಇಪ್ಪತ್ತು,
ತೇ ನಾನೂರು, ಬೇ ಎರಡು.
ನಾನೂರ ಅರವತ್ತೆರಡು.
ಆ ವರ್ಷ ಸತ್ತವರ ಗೋರಿಗಳ ಮೇಲೆ
ಹಿಪ್ಪುನೇರಳೆ ಎಷ್ಟು ಸಲ ಬೆಳೆದು ಬಿತ್ತೋ.

ಮಸ್ತೂರಾ ಸೂಜಿಗೆ ದಾರ ಪೋಣಿಸುತ್ತ,
ತಲೆಯೆತ್ತದೆ, ಅಂದಳು:
ಕೂಡಿಸಬೇಡ.
ನೀನು ಕೂಡಿಸಿದ ದಿನ ಅವರು ಸಾಯುತ್ತಾರೆ.

ಯಾರೂ ಎದೆ ಬಡಿದುಕೊಳ್ಳಲಿಲ್ಲ.
ಹದಿಮೂರು ಸಾಲು ಓದಿದೆ, ಗಂಟಲೊಳಗೇ,
ಹೊರಗೆ ನಾಯಿ ಬೊಗಳಿದಾಗ
ಮದುವೆಯ ಹಾಡಿನ ಪಲ್ಲವಿ ಜೋಡಿಸಿದೆ.
ಮತ್ತೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ
ಹತ್ತಿಯೊಳಗಿಟ್ಟು, ಮೇಲೆ ಕೆಂಪು ರೇಷ್ಮೆ ಎಳೆದು,
ಒಂಬತ್ತು ಸೂಜಿ ಒಟ್ಟಿಗೆ ಓಡಿಸಿದೆವು.
ಅವನ ಮನೆಯಷ್ಟು ಭದ್ರವಾದ ಜಾಗ
ಊರಲ್ಲಿ ಇನ್ನೆಲ್ಲಿತ್ತು?

ಮದುವೆಯಾದ ಮರುವಾರ
ಕಾವಲುಗಾರನ ಮಗಳು ಕಾಲುವೆಯ ಬಳಿ ಸಿಕ್ಕಿದಳು.
ಅವಳೂ ದಾಮ್ಲಾ ಕಲಿಸಿದವಳೇ, ಕಡೆಯ ತಂಡದವಳು.
ಮಗ್ಗುಲು ಬದಲಿಸಿದರೆ
ಹೊದಿಕೆಯೊಳಗೆ ಏನೋ ಪರಪರ ಅನ್ನುತ್ತೆ, ಓತಿನ್, ಅಂದಳು.
ಹತ್ತಿಬೀಜ ಉಳಿದಿರಬೇಕು, ಅಂದೆ.
ಬಿಚ್ಚಿ ನೋಡಲೇ?
ನೀರು ನೋಡುತ್ತ ನಿಂತೆ. ಅಂಚಿಗೆ ತೆಳ್ಳಗೆ ಮಂಜುಗಡ್ಡೆ.
ಈ ಚಳಿ ಕಳೆಯಲಿ ತಾಳು, ಅಂದೆ.
ಕೊಡ ಎತ್ತಿಕೊಂಡು ಹೊರಟವಳು
ತಿರುವಿನಲ್ಲಿ, ತನಗೆ ತಾನೇ ಎಂಬಂತೆ,
ಜ್ ಜ್ ಜ್ ಅಂದಳು.