ಇಸ್ಕರ ಕುಲ: ಮೂರನೆಯ ಕರಡು

ಥಂಡರ್ ಬೇಯಲ್ಲಿ ಫೆಬ್ರವರಿ. ಹೊರಗೆ ಮೈನಸ್ ಮೂವತ್ತೊಂದು.
ಕೊಲ್ಲಿಯ ನೀರು ಲಾರಿ ಹೊರುವಷ್ಟು ಗಟ್ಟಿ.
ಗಾರ್ಡಿಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ,
ಹಳೆಯ ಬಾಗಿಲೊಂದನ್ನು ಎರಡು ಪೀಪಾಯಿ ಮೇಲೆ ಮಲಗಿಸಿದ ಮೇಜು.
ಹಗಲು ನಾನು ಶಾಲೆಯ ಬಸ್ಸು ಓಡಿಸುತ್ತೇನೆ,
ಗುರುವಾರ ರಾತ್ರಿ ಜಗತ್ತು.

ಐಲಾ ಕೇಳಿದ್ದಳು:
ಎಲ್ಫುಗಳು ಸಾಕು, ಕುಳ್ಳರ ಗಡ್ಡ ಸಾಕು,
ನನಗೊಂದು ಹಲ್ಲಿ ಕುಲ ಬರೆದುಕೊಡು,
ಅಂಗಡಿಯ ಪುಸ್ತಕದಲ್ಲಿ ಇರದಂಥದ್ದು.

ಬರೆದೆ.
ಎತ್ತರ ಆರಡಿ, ಬಾಲ ಬಿಟ್ಟು.
ಆಯುಸ್ಸನ್ನು ಬೇಸಿಗೆಗಳಲ್ಲಿ ಮಾತ್ರ ಎಣಿಸತಕ್ಕದ್ದು.
ರಕ್ತ ತಣ್ಣಗೆ. ಹಿಮದಲ್ಲಿ ದಾಳದಿಂದ ಎರಡು ಕಳೆಯಿರಿ,
ಬೆಂಕಿಯ ಹತ್ತಿರ ಕೂತರೆ ಕಳೆದದ್ದು ವಾಪಸು.
ರೆಪ್ಪೆ ಇಲ್ಲ. ಕಾವಲಿಗೆ ಒಳ್ಳೆಯದು,
ಅಳುವುದಕ್ಕೆ ಅಲ್ಲ.
ಪೊರೆ ಕಳಚುವ ವಾರ
ಮುಟ್ಟಿದರೆ ಉರಿ, ಮುಟ್ಟದಿದ್ದರೆ ಸಿಡುಕು.
ಟೋಯಿವೊ ಅಂದ: ಇದು ನಮ್ಮ ಅಣ್ಣನೇ.

ತುಟಿ ಇಲ್ಲದವರು. ಹಾಗಾಗಿ
ಪ ಇಲ್ಲ, ಬ ಇಲ್ಲ, ಮ ಇಲ್ಲ ಅವರ ಬಾಯಲ್ಲಿ.
ಅಮ್ಮ ಅನ್ನಲಾರರು.
ಮೊಟ್ಟೆ ಮರಿಯಾದ ಜಾಗವನ್ನೇ ಕರೆಯುತ್ತಾರೆ: ಕಾದ ಕಲ್ಲು.
ಬಿಸಿಯಾದದ್ದೂ ಕಾದದ್ದೇ, ದಾರಿ ನೋಡಿದ್ದೂ ಕಾದದ್ದೇ,
ಎರಡನ್ನು ಬೇರೆ ಮಾಡುವ ವ್ಯಾಕರಣ ಅವರಿಗಿಲ್ಲ.

ಮೊದಲ ಕರಡಿಗೆ ಮರ್ಲೀನಳ ತಕರಾರು:
ಉಗುರು, ಹಲ್ಲು, ಬಾಲ ಮೂರೂ ಆಯುಧವಾದರೆ
ನನ್ನ ಪಾದ್ರಿಗೇನು ಕೆಲಸ, ಗಂಟೆ ಹೊಡೆಯುವುದಾ?
ಹಲ್ಲಿನಿಂದ ಒಂದು ಅಂಕ ಇಳಿಸಿದೆ.
ಎರಡನೆಯದಕ್ಕೆ ಗಾರ್ಡಿ:
ಅವಳು ಒಂದು ಗಂಟೆ ನೀರೊಳಗಿದ್ದರೆ
ನಾವು ದಡದಲ್ಲಿ ಕೂತು ಇಸ್ಪೀಟು ಆಡುವುದಾ?
ಹತ್ತು ನಿಮಿಷಕ್ಕೆ ತಂದೆ.
ನ್ಯಾಯವಾದ ಪ್ರಾಣಿಯೊಂದನ್ನು ಮಾಡುವುದು
ದೇವರಿಗೂ ಒಂದೇ ಕರಡಿನಲ್ಲಿ ಆಗಿರಲಿಕ್ಕಿಲ್ಲ.

ಬಾಲದ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
ನನಗೆ ಹೆಮ್ಮೆ ಇದ್ದದ್ದು ಅದರ ಮೇಲೇ:
'ಸಾವು ಹಿಡಿದಾಗ ಒಮ್ಮೆ ಬಾಲ ಬಿಟ್ಟು ಓಡಬಹುದು.
ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ.'

ಐಲಾ ಓದಿದಳು. ಪೆನ್ಸಿಲು ಕೇಳಿದಳು.
ಅವಳ ಎಡಗಾಲು ಬಾಯ್ಲರಿನ ಪಕ್ಕ ನಿಂತಿತ್ತು, ಬೂಟು ಸಮೇತ;
ಚಳಿಗೆ ಪಟ್ಟಿ ಕಚ್ಚುತ್ತದೆಂದು ಬಂದ ಕೂಡಲೇ ಬಿಚ್ಚಿಡುತ್ತಾಳೆ.
ರೈಲ್ವೆ ಯಾರ್ಡು, ಗೋಧಿ ವ್ಯಾಗನ್ನು,
ಹನ್ನೊಂದು ವರ್ಷದ ಹಿಂದಿನ ಒಂದು ಬೆಳಗಿನ ಜಾವ.
ಇಷ್ಟಕ್ಕಿಂತ ಹೆಚ್ಚು ಅವಳು ಹೇಳಿದ್ದಿಲ್ಲ, ನಾವು ಕೇಳಿದ್ದಿಲ್ಲ.

ಕೊನೆಯ ಸಾಲಿನ ಮೇಲೆ ಗೆರೆ ಎಳೆದಳು, ಸ್ಕೇಲಿಟ್ಟಂತೆ.
ಬೆಳೆಯುವುದಿಲ್ಲ, ಅಂದಳು. ಬರಿ:
ಆರು ತಿಂಗಳು ಓಡಿದಾಗೆಲ್ಲ ಬೀಳುತ್ತದೆ.
ರಾತ್ರಿ, ಇಲ್ಲದ ಬಾಲದ ತುದಿ ತುರಿಸುತ್ತದೆ.
ಏಳನೆಯ ತಿಂಗಳಿಂದ ಸಮತೋಲಕ್ಕೆ ಒಂದು ಅಂಕ.

ಗಾರ್ಡಿ ಬಾಯಿ ತೆರೆದ;
ಮರ್ಲೀನ್ ಮೇಜಿನಡಿ ಅವನ ಕಾಲು ತುಳಿದಳು.
ಒಂದು ಸಾಕಾ? ಅಂದೆ.
ಒಂದೇ ಬರುವುದು, ಅಂದಳು.

ಯಂತ್ರ ಕೊನೆಯ ಸುತ್ತು ಮುಗಿಸಿ ಸುಮ್ಮನಾಯಿತು.
ಟೋಯಿವೊ ಉಪ್ಪು ಲಿಕೊರಿಸ್ ಪೊಟ್ಟಣ ನಡುವೆ ತಳ್ಳಿದ.
ಆಟ ಶುರು.

ಹಿಮದ ಸೇತುವೆ. ಹಿಂದೆ ಐದು ತೋಳ.
ಮೊದಲನೆಯದರ ಹಲ್ಲು ಬಾಲಕ್ಕೆ.
ಬಿಡುತ್ತೀಯಾ? ಕೇಳಿದೆ.
ಆಟದೊಳಗೆ ಐಲಾ ಒಂದು ಪ, ಒಂದು ಬ, ಒಂದು ಮ
ಬಾಯಿತಪ್ಪಿಯೂ ಆಡುವವಳಲ್ಲ.
ಮಾತಿಲ್ಲದೆ, ಮೇಣದ ಗೊಂಬೆಯ ಬಾಲ ಚಿವುಟಿ
ತೋಳದ ಮುಂದೆ ಇಟ್ಟಳು.

ಇಪ್ಪತ್ತು ಮುಖದ ದಾಳ ಉರುಳಿ ಉರುಳಿ
ಬಾಗಿಲಿನ ಚಿಲಕದ ತೂತಿಗೆ ತಾಗಿ ನಿಂತಿತು.
ನಾಲ್ಕು. ಹಿಮಕ್ಕೆ ಎರಡು ಕಳೆ.
ಬಿದ್ದಳು, ಆಚೆ ದಡದಲ್ಲಿ, ಮುಖ ಅಡಿಯಾಗಿ.
ಯಾರೂ ಉಸಿರೆತ್ತಲಿಲ್ಲ.
ಲಿಕೊರಿಸ್ ಒಂದನ್ನು ದವಡೆಗೆ ಒತ್ತಿಕೊಂಡು ಐಲಾ ಅಂದಳು:

ಸರಿ, ಎದ್ದೆ. ಯಾರ ಸರದಿ?