ಒಣ ಬೆರಳು

ಅಂಗಡಿಗೆ ಬಂದ ಟ್ಯಾಬು ಯಾವುದೇ ಇರಲಿ
ಒರೆಸುವ ಮೊದಲು ಒಮ್ಮೆ
ದೀಪದ ಕೆಳಗೆ ಓರೆ ಹಿಡಿದು ನೋಡುತ್ತೇನೆ.
ಹದಿನೇಳು ವರ್ಷದ ಚಟ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು
ಮೀನಂಗಡಿ ಬಿಟ್ಟು ಮೂರನೆಯದು ನಮ್ಮದು.
ವಯಸ್ಸು ಕೇಳುವುದಿಲ್ಲ,
ಗಾಜೇ ಹೇಳಿಬಿಡುತ್ತದೆ.

ಇದು ಎರಡೂವರೆಯದು:
ನಡುಮಧ್ಯೆ ಅಂಗೈ ಪೂರಾ ಬಡಿದ ಗುರುತು,
ಕವರಿನ ಅಂಚಿಗೆ ಹಲ್ಲು,
ಸ್ಪೀಕರಿನ ತೂತಿನಲ್ಲಿ ರಾಗಿ ಮಣ್ಣಿ.
ಯಾರು ಯಾರಿಗೆ ತಿನ್ನಿಸಿದರೋ.

ಇದು ಹದಿನಾಲ್ಕು:
ಎಡಕ್ಕೊಂದು ಬಲಕ್ಕೊಂದು ಹೆಬ್ಬೆರಳ ಸವೆತ,
ನಡುವೆ ಹೊಸದರ ಹೊಳಪು.
"ಪರೀಕ್ಷೆಗೆ ಓದಲಿ ಅಂತ ಕೊಡಿಸಿದ್ದು" ಎನ್ನುತ್ತಾರೆ ಉತ್ತಯ್ಯ.
ಓದಿದ ಗಾಜು ಕೆಳಗಿಂದ ಮೇಲಕ್ಕೆ ಸವೆಯುತ್ತದೆ,
ಹೇಳುವುದಿಲ್ಲ.
ನನಗೂ ಒಬ್ಬ ಮಗನಿದ್ದಾನೆ.

ಪಾಲಿಬೆಟ್ಟದ ತೋಟದ ರೈಟರ್ ಸುಕುಮಾರನ್ ತಂದದ್ದಕ್ಕೆ
ಚಾರ್ಜಿನ ಬಾಯಲ್ಲಿ ಕಾಫಿ ಸಿಪ್ಪೆಯ ಪುಡಿ;
ಸೂಜಿಯಲ್ಲಿ ಕೆದಕಿದರೆ ಸಣ್ಣಗೆ ಘಮ.
ಬೆಳಿಗ್ಗೆ ಹಾಜರಿ, ಸಂಜೆ ತೂಕ,
ಗಾಜು ಸವೆದಿರುವುದು ಅಂಕಿಗಳ ಕಡೆ,
ಅದರಲ್ಲೂ ಸೊನ್ನೆ.
"ಆಳುಗಳ ಬೆರಳು ಇದಕ್ಕೆ ಗೊತ್ತೇ ಆಗಲ್ಲ" ಎಂದ.
"ಹಣ್ಣು ಕೊಯ್ದು ಕೊಯ್ದು ಚರ್ಮ ಬಿರಿದಿದೆ.
ಚೋಮಿ ಎಂಟು ಸಲ ಒತ್ತಿದಳು,
ಎದುರಿಗೇ ನಿಂತವಳನ್ನ ಇದು ಗೈರು ಅಂತು."

ನನ್ನದೂ ಹಾಗೇ.
ಸಾಲ್ಡರಿಂಗ್ ಕಡ್ಡಿ ಗೆರೆಗಳನ್ನೆಲ್ಲ ತಿಂದಿದೆ;
ರೇಷನ್ ಅಂಗಡಿಯಲ್ಲಿ ನಾನು ನಾನಲ್ಲ.

ಭಾನುವಾರ, ಸಂತೆಯ ಗದ್ದಲದ ನಡುವೆ
ಬೊಳ್ಳಮ್ಮ ಬಂದರು. ಚೀಲದಲ್ಲಿ
ಮೇಲೆ ಒಣಮೀನಿನ ಪೊಟ್ಟಣ,
ಅಡಿಯಲ್ಲಿ ಟವೆಲು ಸುತ್ತಿದ ಟ್ಯಾಬು.
ಮೂಲೆಯಿಂದ ಮೂಲೆಗೆ ಒಡಕು,
ಭೂಪಟದಲ್ಲಿಲ್ಲದ ಒಂದು ಹೊಳೆ.

ಓರೆ ಹಿಡಿದೆ.
ಗಾಜಿನ ತುಂಬ ಹುಡುಕಿದರೂ ಒಂದು ಬೆರಳಿಲ್ಲ.
"ಬಳಸುವುದೇ ಇಲ್ವಾ?"
"ಎಂಬತ್ತೊಂದರ ಬೆರಳಲ್ಲಿ ಎಣ್ಣೆ ಎಲ್ಲಿಂದ ಬರ್ತದೆ?"
ಎಂದು ನಾಲಿಗೆಗೆ ತಾಗಿಸಿ
ನೋಟು ಎಣಿಸುವವರ ಹಾಗೆ
ಒಡಕಿನ ಪಕ್ಕ ಒತ್ತಿದರು. ತೆರೆಯಿತು.

ಮೊಮ್ಮಕ್ಕಳ ಫೋಟೊ ಇರಬೇಕೆಂದುಕೊಂಡೆ.
"ನಾಳೆ ಬನ್ನಿ, ಗಾಜು ಮೈಸೂರಿಂದ ಬರಬೇಕು."
"ನಾಳೆ ಆಗಲ್ಲ. ರಾತ್ರಿ ಡ್ಯೂಟಿ ಉಂಟು."

ಡ್ಯೂಟಿ! ಬಂದ ನಗು ನುಂಗಿಕೊಂಡೆ.
ತೋರಿಸಿದರು: ಆನೆ ಗುಂಪು.
ಆನೆಗಳದ್ದಲ್ಲ,
ಆನೆ ಎಲ್ಲಿದೆ ಎಂದು ಹೇಳುವವರದ್ದು.
ನೂರಾ ಎಂಬತ್ತು ಮನೆ, ಮೂರು ಲೈನು, ಒಂದು ಶಾಲೆ.
"ನನಗೆ ಮೂರಕ್ಕೇ ಎಚ್ಚರ.
ಸುಮ್ಮನೆ ಮಾಡು ನೋಡಿಕೊಂಡು ಮಲಗುವ ಬದಲು
ಇದನ್ನು ಹಿಡಿದು ಕೂರ್ತೇನೆ.
ಅರಣ್ಯದವರು ಕಂಡದ್ದು ಹಾಕ್ತಾರೆ,
ನಾನು ಕೇಳಿದ್ದು.
ಹಲಸಿನ ಕೊಂಬೆ ಮುರಿದ ಸದ್ದಿಗೂ
ಬಿದಿರು ಮುರಿದ ಸದ್ದಿಗೂ
ವ್ಯತ್ಯಾಸ ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ.

ಯಾರೋ ಬಿಟ್ಟುಹೋದ ಹಳೆಯದೊಂದರ ಗಾಜು ಬಿಡಿಸಿ
ಕೂರಿಸಿದೆ. ಮೂಲೆಯಲ್ಲಿ
ಯಾವುದೋ ಮಗು ಅಂಟಿಸಿದ ಚಿಟ್ಟೆ, ಅರ್ಧ ರೆಕ್ಕೆ.
ಕೆರೆಯಲು ಹೋದರೆ
"ಇರಲಿ ಬಿಡಿ, ರಾತ್ರಿಗೆ ಜೊತೆ ಆಗ್ತದೆ."
ನಾನೂರು ಹೇಳಿದೆ. ಮುನ್ನೂರೈವತ್ತು ಕೊಟ್ಟರು,
ಉಳಿದದ್ದಕ್ಕೆ ಒಣಮೀನು,
ಮತ್ತೆ ಕೇಳದೆಯೇ ನನ್ನ ನಂಬರನ್ನೂ ಗುಂಪಿಗೆ ಸೇರಿಸಿದರು.

ಸೋಮವಾರ ಐದೂಕಾಲು.
ಫೋನಿನಲ್ಲಿ ಮೊದಲು ಕೆಮ್ಮು, ಆಮೇಲೆ ಅವರು:
"ಕೆರೆ ಬದಿಯಲ್ಲಿ ಎರಡು, ಮರಿ ಒಂದು.
ಶಾಲೆ ಮಕ್ಕಳು ಮೇಲಿನ ರಸ್ತೆಯಲ್ಲಿ ಹೋಗಿ.
ಚೋಮಿ ಇರುವ ಲೈನಿಗೆ ಯಾರಾದರೂ ಕೂಗಿ ಹೇಳಿ,
ಅಲ್ಲಿ ನೆಟ್‌ವರ್ಕ್ ಸಿಗಲ್ಲ."

ಮಗ ಕಣ್ಣುಜ್ಜುತ್ತ ಬಂದ.
"ಯಾರದು ಉಪ್ಪಾ?"
ಕೇಳಿಸೋಣವೆಂದು ಇನ್ನೊಮ್ಮೆ ಒತ್ತಿದೆ.
ಮತ್ತೆ ಒತ್ತಿದೆ. ಏಳಲಿಲ್ಲ.
ಬೆರಳನ್ನು ನಾಲಿಗೆಗೆ ತಾಗಿಸಿದೆ.